ಪೋಸ್ಟರಿನ ಬೆನ್ನು

“ಮಾರಿ ಏನ್ ನೋಡ್ತೀರಿ ಸಾಹೇಬ್ರ, ಬೆನ್ನ ನೋಡ್ರಿ.”

ಹುಬ್ಬಳ್ಳಿಯ ಒಬ್ಬ ರದ್ದಿ ವ್ಯಾಪಾರಿ ನನಗೆ ಹೇಳಿದ ಮಾತಿದು. 1999ರ ಬೇಸಿಗೆ. ದುರ್ಗದ ಬೈಲಿನ ಹತ್ತಿರ ಒಂದು ಗಲ್ಲಿಯಲ್ಲಿ ಅವರ ಅಂಗಡಿ. ಅಪ್ಪ ಕೂಡಿಟ್ಟಿದ್ದ ವಾರಪತ್ರಿಕೆಗಳನ್ನು ತೂಕಕ್ಕೆ ಹಾಕಲು ಹೋಗಿದ್ದೆ. ತಕ್ಕಡಿಯ ಪಕ್ಕ ಸುತಳಿ ಕಟ್ಟಿದ ಒಂದು ಗಂಟು ಬಿದ್ದಿತ್ತು. ಎಲ್ಲೋ ಒಂದು ಟಾಕೀಸು ಮುಚ್ಚಿತ್ತು. ಅದರ ಮ್ಯಾನೇಜರ್ ಕೋಣೆ ಖಾಲಿ ಮಾಡಿದಾಗ ಬಂದ ಮಾಲು ಅದು. ಮೇಲಿನ ಹಾಳೆ ಬಿಚ್ಚಿದೆ. ದಾರಾ ಸಿಂಗ್ ಬರಿಮೈಯಲ್ಲಿ ನಿಂತಿದ್ದ. ಎದೆಯ ಒಂದು ಕಡೆ ಕಿತ್ತಳೆ, ಇನ್ನೊಂದು ಕಡೆ ಹಸಿರು. ಹಿಂದೆ ಬೆಂಕಿ, ಕೆಳಗೊಂದು ಸಿಂಹ. ಮೂಲೆಯಲ್ಲಿ ಹೀರೋಯಿನ್ ಮುಖ, ಅದೂ ನೇರಳೆ ಬಣ್ಣದಲ್ಲಿ. ಮನುಷ್ಯರ ಮೈ ಯಾವತ್ತೂ ಆ ಬಣ್ಣದಲ್ಲಿ ಇರುವುದಿಲ್ಲ. ಆದರೂ ಅದು ದಾರಾ ಸಿಂಗ್ ಎದೆ ಎಂದು ಇಪ್ಪತ್ತು ಅಡಿ ದೂರದಿಂದ ಗೊತ್ತಾಗುತ್ತಿತ್ತು.

ನಾನು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದಾಗ ಅವರು ಈ ಮಾತು ಹೇಳಿದ್ದು. ಅವರ ಲೆಕ್ಕ ಬೇರೆ ಇತ್ತು. ಬೆನ್ನಿಗೆ ಮೈದಾ ಅಂಟು ಹತ್ತಿದ ಕಾಗದ ಪೊಟ್ಟಣ ಕಟ್ಟಲಿಕ್ಕೂ ಬರುವುದಿಲ್ಲ. ಮಡಚಿದರೆ ಹಪ್ಪಳದ ಹಾಗೆ ಮುರಿಯುತ್ತದೆ. ಆ ಗಂಟಿನ ಹಾಳೆಗಳ ಬೆನ್ನು ಸ್ವಚ್ಛ ಇತ್ತು. ಅಂದರೆ ಮಾಲು ಚಲೋ, ರೇಟು ಸ್ವಲ್ಪ ಜಾಸ್ತಿ ಎಂಬುದು ಅವರ ವಾದ. ಇಪ್ಪತ್ಮೂರು ಹಾಳೆಗೆ ಇನ್ನೂರು ರೂಪಾಯಿ ಕೊಟ್ಟೆ. ಅಪ್ಪನ ರದ್ದಿಯಿಂದ ಬಂದಿದ್ದು ನೂರಾ ಹತ್ತು. ಮನೆಗೆ ಬಂದಾಗ ಅವ್ವ ಕೇಳಿದ್ದು ಒಂದೇ ಪ್ರಶ್ನೆ: “ರದ್ದಿ ಮಾರಾಕ ಹೋಗಿದ್ಯೋ, ತರಾಕ ಹೋಗಿದ್ಯೋ?”

ಈಗ ನನ್ನ ಹತ್ತಿರ ನಾನೂರಕ್ಕಿಂತ ಸ್ವಲ್ಪ ಜಾಸ್ತಿ ಪೋಸ್ಟರುಗಳಿವೆ. ಬಹುತೇಕ 1950ರಿಂದ 1985ರ ಒಳಗಿನ ಹಿಂದಿ ಸಿನಿಮಾಗಳದ್ದು. ಹೊಸದಾಗಿ ಶುರು ಮಾಡುವವರು ಏನು ನೋಡಬೇಕು ಎಂದು ಕೇಳಿದರೆ ನಾನು ಇವತ್ತಿಗೂ ಹೇಳುವುದು ಆ ರದ್ದಿಯವರ ಮಾತನ್ನೇ.

ಮೊದಲು ಒಂದು ತಪ್ಪು ತಿಳುವಳಿಕೆ ಬಿಡಿಸಬೇಕು. “ಕೈಯಲ್ಲಿ ಬರೆದ ಪೋಸ್ಟರ್” ಎಂದು ನಾವೆಲ್ಲ ಹೇಳುತ್ತೇವೆ. ಆದರೆ ನನ್ನ ಹತ್ತಿರ ಇರುವ ಯಾವ ಪೋಸ್ಟರ್ ಮೇಲೂ ಕುಂಚ ಆಡಿಲ್ಲ. ಚಿತ್ರ ಬರೆದದ್ದು ಒಂದೇ ಸಲ, ರಟ್ಟಿನ ಮೇಲೋ ಕ್ಯಾನ್ವಾಸ್ ಮೇಲೋ. ಅದನ್ನು ನೋಡಿಕೊಂಡು ಪ್ರೆಸ್ಸಿನಲ್ಲಿ ಸಾವಿರಾರು ಪ್ರತಿ ಹೊಡೆಯುತ್ತಿದ್ದರು. ನಾವು ಕೂಡಿಡುವುದು ಆ ಪ್ರತಿಗಳನ್ನು. ಮೂಲ ಚಿತ್ರ ಪ್ರೆಸ್ಸಿನ ಕೆಲಸ ಮುಗಿದ ಮೇಲೆ ಯಾರಿಗೂ ಬೇಡವಾಗಿತ್ತು. ಬಹುತೇಕ ಎಲ್ಲ ಹಾಳಾಗಿ ಹೋದವು. ಹಾಗಾಗಿ “ಸಾರ್, ಒರಿಜಿನಲ್ ಹ್ಯಾಂಡ್ ಪೇಂಟೆಡ್, 1957ರದ್ದು” ಎಂದು ಯಾರಾದರೂ ಕ್ಯಾನ್ವಾಸ್ ಬಿಚ್ಚಿದರೆ ನಾನು ಮೊದಲು ಚಹಾ ಕುಡಿಯುತ್ತೇನೆ. ಅವಸರ ಮಾಡುವುದಿಲ್ಲ.

ಹಾಗಂತ ಕೈ ಇಲ್ಲವೇ ಇಲ್ಲ ಎಂದಲ್ಲ. ಹಳೇ ಲಿಥೋ ಪೋಸ್ಟರುಗಳಲ್ಲಿ ಇಬ್ಬರ ಕೈ ಇರುತ್ತದೆ. ಇದು ನನಗೆ ಗೊತ್ತಾಗಲು ಆರು ವರ್ಷ ಬೇಕಾಯಿತು. ಪೇಂಟರ್ ಬರೆದ ಚಿತ್ರ ಪ್ರೆಸ್ಸಿಗೆ ಬಂದಾಗ ಅಲ್ಲಿನ ಲಿಥೋ ಕಲಾವಿದ ಅದನ್ನು ಬಣ್ಣ ಬಣ್ಣವಾಗಿ ಬಿಡಿಸಿ, ಒಂದೊಂದು ಬಣ್ಣಕ್ಕೆ ಒಂದೊಂದು ಸತುವಿನ ಪ್ಲೇಟಿನ ಮೇಲೆ ತಾನೇ ಮತ್ತೆ ಬರೆಯುತ್ತಿದ್ದ. ಹಳದಿಗೆ ಒಂದು, ಕೆಂಪಿಗೆ ಒಂದು, ನೀಲಿಗೆ ಒಂದು, ಕಪ್ಪಿಗೆ ಒಂದು, ಕೆಲವೊಮ್ಮೆ ಇನ್ನೂ ಹೆಚ್ಚು. ಗಲ್ಲದ ನೆರಳು ಎಲ್ಲಿ ಮುಗಿಯಬೇಕು ಎಂದು ತೀರ್ಮಾನಿಸಿದ್ದು ಹೆಸರೇ ಉಳಿಯದ ಆ ಮನುಷ್ಯ. ಭೂತಗನ್ನಡಿ ಹಿಡಿದರೆ ಅವನ ಕ್ರೆಯಾನಿನ ಒರಟು ಹರಳು ಹರಳಾದ ಗೀರುಗಳು ಕಾಣುತ್ತವೆ. ನೋಡುತ್ತಾ ಕೂತರೆ ಊಟ ಮರೆತುಹೋಗುತ್ತದೆ. ನನ್ನ ಹೆಂಡತಿ ಸಾಕ್ಷಿ.

ಆಮೇಲೆ ಆಫ್‌ಸೆಟ್ ಬಂತು. ಚಿತ್ರದ ಫೋಟೋ ತೆಗೆದು ಚುಕ್ಕಿಗಳಾಗಿ ಒಡೆದು ಅಚ್ಚು ಹಾಕುವುದು. ಎಪ್ಪತ್ತರ ದಶಕದ ನನ್ನ ಪೋಸ್ಟರುಗಳು ಬಹುಪಾಲು ಹೀಗೇ. ಪೇಂಟರುಗಳ ಕೆಲಸವೂ ಬದಲಾಯಿತು. ಸ್ಟಿಲ್ ಫೋಟೋ ದೊಡ್ಡದು ಮಾಡಿ ಅದರ ಮೇಲೇ ಎಣ್ಣೆಬಣ್ಣ ಬಳಿಯುತ್ತಿದ್ದರು, ಕುಂಚಕ್ಕಿಂತ ಚಾಕುವಿನಲ್ಲಿ ಜಾಸ್ತಿ. ದಿವಾಕರ್ ಕರ್ಕರೆ ಈ ಕೈಚಳಕದಲ್ಲಿ ದೊಡ್ಡ ಹೆಸರು. 1975ರ ‘ದೀವಾರ್’ ಪೋಸ್ಟರ್ ಅವರದು. ಸಿಟ್ಟು ತೋರಿಸಲು ಮುಖದ ಗೆರೆ ಬೇಕಿಲ್ಲ, ಬಣ್ಣವನ್ನು ಚಾಕುವಿನಲ್ಲಿ ಎಳೆದ ರಭಸವೇ ಸಾಕು ಎಂದು ನನಗೆ ಅನಿಸಿದ್ದು ಅವರ ಕೆಲಸ ನೋಡಿದ ಮೇಲೆ.

ನಮ್ಮ ಕಡೆಯವರ ಹೆಸರು ಹೇಳದೆ ಮುಂದೆ ಹೋಗಲಾರೆ. ಎಸ್. ಎಂ. ಪಂಡಿತ್ ಕಲಬುರಗಿಯವರು, ಹುಟ್ಟಿದ್ದು 1916ರಲ್ಲಿ. ಬಾಂಬೆಗೆ ಹೋಗಿ ಸಿನಿಮಾ ಪ್ರಚಾರದ ಚಿತ್ರ ಬರೆದರು, ‘ಫಿಲ್ಮ್‌ಇಂಡಿಯಾ’ ಪತ್ರಿಕೆಗೆ ಬರೆದರು. ಆಮೇಲೆ ಕ್ಯಾಲೆಂಡರ್ ದೇವರುಗಳಿಂದ ಮನೆಮನೆಗೆ ಬಂದರು. ನಮ್ಮ ಅಜ್ಜಿ ಕೈ ಮುಗಿಯುತ್ತಿದ್ದ ಗೋಡೆಯ ಮೇಲಿನ ಶಿವ ಪಾರ್ವತಿಯರಿಗೂ ಬಾಂಬೆಯ ಹೀರೋ ಹೀರೋಯಿನ್ನುಗಳಿಗೂ ಒಂದೇ ಥರದ ಹೊಳೆಯುವ ಗಲ್ಲ ಏಕೆ ಎಂದು ನನಗೆ ಚಿಕ್ಕಂದಿನಿಂದ ಅನುಮಾನ ಇತ್ತು. ಉತ್ತರ ಸಿಕ್ಕಿದ್ದು ಐವತ್ತರ ಹತ್ತಿರ ಬಂದಾಗ. ಇನ್ನು ಕೊಲ್ಹಾಪುರ ನಮಗೇನು ದೂರ? ಅಲ್ಲಿನ ಬಾಬುರಾವ್ ಪೇಂಟರ್ ತಮ್ಮ ಮಹಾರಾಷ್ಟ್ರ ಫಿಲ್ಮ್ ಕಂಪನಿಯ ಸಿನಿಮಾಗಳಿಗೆ ತಾವೇ ಪೋಸ್ಟರ್ ಬರೆದವರು. ಉಳಿದಿರುವ ಚಿತ್ರವಿರುವ ಪೋಸ್ಟರುಗಳಲ್ಲಿ ತುಂಬ ಹಳೆಯದು ಎಂದು ಹೇಳುವ 1924ರ ‘ಕಲ್ಯಾಣ್ ಖಜಿನಾ’ ಅವರದೇ. ಎಂ. ಎಫ್. ಹುಸೇನ್ ಕೂಡ ಮೂವತ್ತರ ದಶಕದಲ್ಲಿ ಬಾಂಬೆಯಲ್ಲಿ ಸಿನಿಮಾ ಹೋರ್ಡಿಂಗ್ ಬರೆದು ಹೊಟ್ಟೆ ಹೊರೆದವರು. ಆ ಹೋರ್ಡಿಂಗುಗಳಲ್ಲಿ ಒಂದು ಯಾರದೋ ಗೋಡೌನಿನಲ್ಲಿ ಇದ್ದಿದ್ದರೆ ಎಂದು ನಾನೂ ಕನಸು ಕಂಡಿದ್ದೇನೆ. ಸುಮ್ನೆ.

ಬಟ್ಟೆಯ ಮೇಲೆ ಬರೆದ ಬ್ಯಾನರುಗಳು ಏಕೆ ಸಿಗುವುದಿಲ್ಲ ಎಂದು ನನಗೆ ಸರಿಯಾಗಿ ಹೇಳಿದವರು ಹುಬ್ಬಳ್ಳಿಯ ಒಬ್ಬ ಹಿರಿಯ ಪೇಂಟರ್. ಟಾಕೀಸುಗಳ ಬ್ಯಾನರ್ ಬರೆದು ಮೂವತ್ತು ವರ್ಷ ಸಂಸಾರ ನಡೆಸಿದವರು. ಫ್ಲೆಕ್ಸ್ ಬಂದ ಮೇಲೆ ಲಾರಿಗಳ ನಂಬರ್ ಬರೆಯುತ್ತಿದ್ದರು. “ತಮ್ಮಾ, ಬಟ್ಟಿಗೆ ರೊಕ್ಕ ಬೀಳತಿತ್ತು. ಶುಕ್ರವಾರ ಹೊಸಾ ಪಿಕ್ಚರ್. ಹಳೇ ಹೀರೋನ ಮಾರಿ ಮ್ಯಾಲೆ ಬಿಳಿ ಬಣ್ಣ ಹೊಡದು ಹೊಸಾ ಹೀರೋನ್ನ ಬರೀತಿದ್ವಿ. ಒಂದ ಬಟ್ಟ್ಯಾಗ ಎಷ್ಟ ಮಂದಿ ಹೀರೋ ಅದಾರೋ ದೇವರಿಗೇ ಗೊತ್ತು.” ಸ್ಟಿಲ್ ಫೋಟೋ ಮೇಲೆ ಚೌಕ ಎಳೆದು, ಬಟ್ಟೆಯ ಮೇಲೂ ದೊಡ್ಡ ಚೌಕ ಎಳೆದು, ಒಂದೊಂದೇ ಮನೆ ತುಂಬುವುದು ಅವರ ಪದ್ಧತಿ. ಪುಡಿ ಬಣ್ಣಕ್ಕೆ ಅಗಸೆ ಎಣ್ಣೆ. ಹುಡುಗರು ಹಿನ್ನೆಲೆ ಬಳಿಯುವುದು, ಅಕ್ಷರಕ್ಕೆ ಬೇರೆಯವರು, ಮುಖ ಮಾತ್ರ ಉಸ್ತಾದ್. ಬಟ್ಟೆ ಪೂರಾ ಹರಿದ ಮೇಲೆ ಏನಾಗುತ್ತಿತ್ತು ಎಂದು ಕೇಳಿದೆ. “ಕಣದಾಗ ರಾಶಿ ಮುಚ್ಚಾಕ ಒಯ್ತಿದ್ರು” ಎಂದರು. ಅವರ ಮನೆಯಲ್ಲಿ ಅವರೇ ಬರೆದ ಒಂದು ಬ್ಯಾನರೂ ಇರಲಿಲ್ಲ.

ಪೋಸ್ಟರಿನ ಕತೆಯೂ ಬೇರೆಯಲ್ಲ. ಮೈದಾ ಹಿಟ್ಟು ಕುದಿಸಿ, ಹುಳ ಹತ್ತದಿರಲಿ ಎಂದು ಒಂದಿಷ್ಟು ಮೈಲುತುತ್ತ ಹಾಕಿ ಅಂಟು ಮಾಡುತ್ತಿದ್ದರು. ಅದರಲ್ಲಿ ಗೋಡೆಗೆ ಹಚ್ಚಿದ ಪೋಸ್ಟರ್ ಸತ್ತಂತೆಯೇ. ಮುಂದಿನ ವಾರ ಅದರ ಮೇಲೆ ಇನ್ನೊಂದು. ಹಾಗಾದರೆ ಉಳಿದಿದ್ದು ಯಾವುದು? ಹಚ್ಚದೆ ಬಿಟ್ಟಿದ್ದು. ಹಂಚಿಕೆದಾರರ ಗೋಡೌನಿನಲ್ಲಿ ಮಿಕ್ಕಿದ್ದು, ಮ್ಯಾನೇಜರ್ ಕೋಣೆಯ ಕಪಾಟಿನ ಮೇಲೆ ಮರೆತಿದ್ದು. ಕೆಲಸಕ್ಕೆ ಬಾರದೆ ಹೋದವು ಮಾತ್ರ ಉಳಿದಿವೆ. ಹಿಟ್ ಆದ ಸಿನಿಮಾಗಳ ಪೋಸ್ಟರ್ ಪೂರಾ ಖರ್ಚಾಗಿ ಹೋಗಿದ್ದು, ತೋಪಾದ ಸಿನಿಮಾಗಳದ್ದು ಕಟ್ಟು ಕಟ್ಟು ಸಿಗುವುದು ನಾನು ಎಷ್ಟೋ ಸಲ ನೋಡಿದ್ದೇನೆ.

ಇಲ್ಲಿಗೆ ಬೆನ್ನಿನ ವಿಷಯ ಬಂತು. ಪೋಸ್ಟರುಗಳು ಸುರುಳಿ ಸುತ್ತಿ ಬರುತ್ತಿರಲಿಲ್ಲ, ಮಡಚಿ ಬರುತ್ತಿದ್ದವು. ನಮ್ಮಲ್ಲಿ ಮಾಮೂಲಿ ಅಳತೆಗೆ ಒನ್ ಶೀಟ್ ಎನ್ನುತ್ತಾರೆ, 30 ಇಂಚು ಅಗಲ, 40 ಇಂಚು ಉದ್ದ. ಅದನ್ನು ಮಡಚಿ ಮಡಚಿ ಒಂದು ಫೈಲಿನಷ್ಟು ಮಾಡುತ್ತಿದ್ದರು. ಮಡಚಿ ಇಟ್ಟಾಗ ಮೇಲೆ ಕಾಣುವುದು ಬೆನ್ನಿನ ಒಂದು ಚೌಕ. ಧೂಳು, ಬಿಸಿಲು, ಕೈಬೆವರು ಎಲ್ಲ ಆ ಒಂದು ಚೌಕಕ್ಕೆ. ಅದು ಕಂದು ಬಣ್ಣಕ್ಕೆ ತಿರುಗಿರುತ್ತದೆ, ಉಳಿದ ಚೌಕಗಳು ಅಷ್ಟು ಕಂದಿರುವುದಿಲ್ಲ. ಆ ಕಂದು ಚೌಕದ ಮೇಲೇ ಯಾರೋ ಸಿನಿಮಾ ಹೆಸರನ್ನು ನೀಲಿ ಪೆನ್ಸಿಲಿನಲ್ಲಿ ಗೀಚಿರುತ್ತಾರೆ. ಹಂಚಿಕೆದಾರರ ರಬ್ಬರ್ ಸ್ಟಾಂಪು ಇರುತ್ತದೆ. ಇಂಥ ಬೆನ್ನನ್ನು ಸುಳ್ಳು ಮಾಡುವುದು ಕಷ್ಟ. ಮುಖ ನಕಲು ಮಾಡುವವರು ಬೆನ್ನಿನ ಕಡೆ ಅಷ್ಟು ಶ್ರಮ ಪಡುವುದಿಲ್ಲ. ಚಹಾ ಡಿಕಾಕ್ಷನ್ ಬಳಿದು ಎಲ್ಲ ಕಡೆ ಒಂದೇ ಥರ ಕಂದು ಮಾಡಿಬಿಡುತ್ತಾರೆ.

ಸ್ಟಾಂಪು ಓದುವುದು ಕಲಿತರೆ ಇನ್ನೊಂದು ಮಜಾ ಇದೆ. ಕರ್ನಾಟಕ 1956ರಲ್ಲಿ ಒಂದಾಯಿತು ನಿಜ, ಆದರೆ ಹಿಂದಿ ಸಿನಿಮಾ ಹಂಚಿಕೆಯ ನಕ್ಷೆಯಲ್ಲಿ ನಾವು ಒಂದಾಗಲೇ ಇಲ್ಲ. ಹುಬ್ಬಳ್ಳಿ, ಧಾರವಾಡ, ಬೆಳಗಾವಿ ಬಾಂಬೆ ಟೆರಿಟರಿಗೆ. ಕಲಬುರಗಿ, ಬೀದರ್, ರಾಯಚೂರು ನಿಜಾಮ್ ಟೆರಿಟರಿಗೆ. ಬೆಂಗಳೂರು ಕಡೆಯದು ಮೈಸೂರು ಟೆರಿಟರಿ. ಹಾಗಾಗಿ ರಾಯಚೂರಿನಲ್ಲಿ ಕೊಂಡ ಪೋಸ್ಟರಿನ ಬೆನ್ನಿಗೆ ಹೈದರಾಬಾದಿನ ವಿಳಾಸ. ಹುಬ್ಬಳ್ಳಿಯದಕ್ಕೆ ಬಾಂಬೆಯ ಲ್ಯಾಮಿಂಗ್ಟನ್ ರೋಡ್. ಮೊದಲ ಸಲ ಅದನ್ನು ಓದಿದಾಗ ನಮ್ಮ ಹುಬ್ಬಳ್ಳಿಯ ಲ್ಯಾಮಿಂಗ್ಟನ್ ರೋಡ್ ಎಂದೇ ತಿಳಿದು ಎರಡು ದಿನ ಅಲ್ಲಿ ಹಂಚಿಕೆದಾರರ ಆಫೀಸು ಹುಡುಕಿದ್ದೆ. ಎರಡೂ ರಸ್ತೆಗೆ ಒಬ್ಬನೇ ಬ್ರಿಟಿಷ್ ಗವರ್ನರ್ ಹೆಸರು. ಬಾಂಬೆಯದರಲ್ಲಿ ನಾಝ್ ಸಿನಿಮಾ ಕಟ್ಟಡವಿದೆ. ಹಿಂದಿ ಸಿನಿಮಾ ಹಂಚಿಕೆಯ ಸಂತೆ ಎಂದರೆ ಆಗ ಅದೇ.

ಆ ಸಂತೆ ನೋಡುವ ಯೋಗ 2001ರಲ್ಲಿ ಬಂತು. ಬ್ಯಾಂಕಿನವರು ನನ್ನನ್ನು ಮುಂಬೈಗೆ ವರ್ಗ ಮಾಡಿದರು. ಎಲ್ಲರೂ ಅಯ್ಯೋ ಎಂದರು. ನಾನು ಮಾತ್ರ ಒಳಗೊಳಗೇ ಕುಣಿದೆ. ಐದು ವರ್ಷ ಅಲ್ಲಿದ್ದೆ, ಮತ್ತು ಐದು ವರ್ಷದ ರಜಾದಿನಗಳೆಲ್ಲ ಚೋರ್ ಬಜಾರಿನ ಮಟನ್ ಸ್ಟ್ರೀಟಿಗೆ ಹೋದವು. ಅಲ್ಲಿ ಹಳೇ ಗ್ರಾಮಫೋನು, ಹಿತ್ತಾಳೆ ದೀಪ, ಹಡಗಿನ ಗಡಿಯಾರಗಳ ನಡುವೆ ಪೋಸ್ಟರ್ ಅಂಗಡಿಗಳಿವೆ. ಪೋಸ್ಟರುಗಳನ್ನು ದೋಸೆಯ ಹಾಗೆ ಒಂದರ ಮೇಲೊಂದು ಪೇರಿಸಿರುತ್ತಾರೆ. ಕೂತು ಒಂದೊಂದೇ ಮಗುಚಬೇಕು.

ಅಲ್ಲಿ ಕಲಿತ ವ್ಯಾಪಾರ ಸಣ್ಣದು. ಬೇಕಾದ ಪೋಸ್ಟರನ್ನು ಮೊದಲು ಕೈಗೆತ್ತಿಕೊಳ್ಳಬಾರದು. ಬೇಡದ ನಾಲ್ಕು ಎತ್ತಿಟ್ಟು, ಅವುಗಳ ನಡುವೆ ಬೇಕಾದ್ದನ್ನು ಸೇರಿಸಿ, ಒಟ್ಟಿಗೆ ರೇಟು ಕೇಳಬೇಕು. ಮೂರು ವಾರ ಹೋಗಿ ಸುಮ್ಮನೆ ಚಹಾ ಕುಡಿದು ಬಂದರೆ ನಾಲ್ಕನೇ ವಾರ ಒಳಗಿನ ಕಪಾಟು ತೆರೆಯುತ್ತದೆ. ಚೌಕಾಸಿ ಮಾಡಲು ನನಗೆ ನಾಚಿಕೆ ಇತ್ತು. ಒಮ್ಮೆ ಹೆಂಡತಿಯನ್ನು ಕರೆದುಕೊಂಡು ಹೋದೆ. ಅವಳಿಗೆ ಪೋಸ್ಟರುಗಳೆಂದರೆ ನಿಜವಾಗಿಯೂ ಬೇಡ. ಆ ಬೇಡ ಎನ್ನುವ ಮುಖಕ್ಕೆ ಅಂಗಡಿಯವರು ಅರ್ಧಕ್ಕೆ ಇಳಿದರು. ಮುಂದೆ ದೊಡ್ಡ ಖರೀದಿಗೆಲ್ಲ ಅವಳೇ ಬಂದಳು.

ಅವಳಿಲ್ಲದೆ ಹೋದ ಒಂದು ಸಲ ಆರು ಸಾವಿರಕ್ಕೆ ಟೋಪಿ ಹಾಕಿಸಿಕೊಂಡೆ. 2002ರ ಕೊನೆ. ಆ ವರ್ಷ ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಮ್ಮಿನಲ್ಲಿ ಹಿಂದಿ ಸಿನಿಮಾದ ಪ್ರಚಾರ ಕಲೆಯ ಪ್ರದರ್ಶನ ನಡೆದಿತ್ತು. ಸುದ್ದಿ ಬಂದದ್ದೇ ತಡ, ನಾನೂರಿನ ಪೋಸ್ಟರುಗಳೆಲ್ಲ ನಾಲ್ಕು ಸಾವಿರ ಆದವು. “ಲಂಡನ್ ಮಾಲು ಸಾಬ್” ಎನ್ನುವುದು ಹೊಸ ಮಂತ್ರ. ಒಂದು ಅಂಗಡಿಯಲ್ಲಿ, ಚೋರ್ ಬಜಾರಿನದಲ್ಲ, ‘ಮೊಘಲ್-ಎ-ಆಜಂ’ ಪೋಸ್ಟರ್ ಫ್ರೇಮ್ ಹಾಕಿ ನೇತುಹಾಕಿದ್ದರು. 1960ರ ಮೊದಲ ಬಿಡುಗಡೆಯದೇ ಎಂದರು. ಮಡಿಕೆ ಗೆರೆಗಳು ಕಾಣುತ್ತಿದ್ದವು, ಅಂಚು ಸವೆದಿತ್ತು, ಮೇಲೊಂದು ಹಿತವಾದ ಹಳದಿ. ಕೊಂಡೆ. ಹೊತ್ತುಕೊಂಡು ಲೋಕಲ್ ಟ್ರೇನಿನಲ್ಲಿ ನಿಂತೇ ಬಂದೆ.

ರಾತ್ರಿ ಫ್ರೇಮ್ ಬಿಚ್ಚಿದೆ. ಮಡಿಕೆ ಗೆರೆ ಕಣ್ಣಿಗೆ ಕಾಣುತ್ತದೆ, ಬೆರಳಿಗೆ ಸಿಗುವುದಿಲ್ಲ! ಹಾಳೆ ನುಣ್ಣಗಿದೆ. ಮಡಿಕೆಯನ್ನೂ, ಸವೆದ ಅಂಚನ್ನೂ, ಆ ಹಳದಿಯನ್ನೂ ಸೇರಿಸಿ ಫೋಟೋ ತೆಗೆದು ಅಚ್ಚು ಹಾಕಿದ್ದರು. ಬೆನ್ನು ಹಾಲಿನಷ್ಟು ಬಿಳಿ. ರದ್ದಿಯವರ ಮಾತು ಗೊತ್ತಿದ್ದೂ ನಾನು ಬೆನ್ನು ನೋಡಿರಲಿಲ್ಲ, ಏಕೆಂದರೆ ಫ್ರೇಮು ಬೆನ್ನನ್ನು ಮುಚ್ಚಿತ್ತು. ಅಂದಿನಿಂದ ಫ್ರೇಮಿನಲ್ಲಿರುವುದನ್ನು ನಾನು ಕೊಳ್ಳುವುದಿಲ್ಲ. ಬಿಚ್ಚಿ ತೋರಿಸಿ ಎನ್ನುತ್ತೇನೆ. ಬಿಚ್ಚಲು ಒಪ್ಪದವರಿಗೆ ನಮಸ್ಕಾರ ಹೇಳಿ ಬರುತ್ತೇನೆ.

ಆ ನಕಲನ್ನು ಎಸೆದಿಲ್ಲ. ಪಾಠ ಹೇಳಲು ಇಟ್ಟುಕೊಂಡಿದ್ದೇನೆ. ಹತ್ತು ಪಟ್ಟು ದೊಡ್ಡದು ಮಾಡುವ ಭೂತಗನ್ನಡಿ ಕೊಟ್ಟು ಹುಡುಗರಿಗೆ ತೋರಿಸುತ್ತೇನೆ. ಲಿಥೋದಲ್ಲಿ ಚುಕ್ಕಿಗಳ ಸಾಲು ಇರುವುದಿಲ್ಲ, ಕ್ರೆಯಾನಿನ ಹರಳು ಇರುತ್ತದೆ. ಆಫ್‌ಸೆಟ್ಟಿನಲ್ಲಿ ಬೇರೆ ಬೇರೆ ಬಣ್ಣದ ಚುಕ್ಕಿಗಳು ಸಾಲಾಗಿ, ಪುಟ್ಟ ಪುಟ್ಟ ಹೂವಿನ ಹಾಗೆ ಕೂತಿರುತ್ತವೆ. ಈಗಿನ ಇಂಕ್‌ಜೆಟ್ ಆದರೆ ಬಣ್ಣ ಸಿಂಪಡಿಸಿದ ಹಾಗೆ ಎಲ್ಲ ಕಡೆ ಪುಡಿ ಪುಡಿ. ಲಿಥೋ ಆಗಿರಬೇಕಾದ ಪೋಸ್ಟರಿನಲ್ಲಿ ಹರಳಿನ ಮೇಲೆ ಚುಕ್ಕಿಗಳ ಜಾಲ ಕಂಡರೆ ಅದು ಪೋಸ್ಟರಿನ ಫೋಟೋ, ಪೋಸ್ಟರ್ ಅಲ್ಲ.

ಮರುಬಿಡುಗಡೆಯ ಪೋಸ್ಟರು ಬೇರೆ ತಲೆನೋವು. ಅದು ನಕಲಲ್ಲ, ಆದರೆ ಮೊದಲನೆಯದೂ ಅಲ್ಲ. ದೊಡ್ಡ ಸಿನಿಮಾಗಳು ಹತ್ತು ಹದಿನೈದು ವರ್ಷದ ಮೇಲೆ ಮತ್ತೆ ಟಾಕೀಸಿಗೆ ಬರುತ್ತಿದ್ದವು, ಆಗ ಹೊಸ ಪೋಸ್ಟರ್ ಹೊಡೆಸುತ್ತಿದ್ದರು. ಕೆಲವೊಮ್ಮೆ ಹಳೇ ಚಿತ್ರವೇ, ಕೆಲವೊಮ್ಮೆ ಬೇರೆ. ಇಲ್ಲಿ ನನಗೆ ಆಸರೆ ಹಾಡಿನ ಪುಸ್ತಕ. ಟಾಕೀಸಿನ ಬಾಗಿಲಲ್ಲಿ ಪುಡಿಗಾಸಿಗೆ ಮಾರುತ್ತಿದ್ದರಲ್ಲ, ಅದೇ. ಸಿನಿಮಾ ಬಂದಾಗಲೇ ಅಚ್ಚಾಗುತ್ತಿದ್ದ ಆ ಪುಟ್ಟ ಪುಸ್ತಕದ ಮುಖಪುಟದಲ್ಲಿ ಎಷ್ಟೋ ಸಲ ಪೋಸ್ಟರಿನ ಚಿತ್ರವೇ ಇರುತ್ತದೆ. ಅಕ್ಷರದ ಶೈಲಿ ಹೋಲಿಸಿ ನೋಡುತ್ತೇನೆ. ಅಕ್ಷರ ಎಂದರೆ ಮೂರು ಲಿಪಿ: ದೇವನಾಗರಿ, ಉರ್ದು, ಇಂಗ್ಲಿಷ್. ವರ್ಷ ಕಳೆದಂತೆ ಪೋಸ್ಟರಿನಲ್ಲಿ ಉರ್ದು ಸಣ್ಣದಾಗುತ್ತಾ ಮೂಲೆಗೆ ಸರಿಯುವುದನ್ನು ನನ್ನ ಪೆಟ್ಟಿಗೆಯಲ್ಲೇ ನೋಡಬಹುದು. ಅದು ನೋಡಲು ಅಷ್ಟು ಖುಷಿ ಕೊಡುವ ವಿಷಯವಲ್ಲ. ಪುಣೆಯ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯ 1964ರಿಂದ ಇದೆ, ಅಲ್ಲಿ ಪೋಸ್ಟರ್, ಹಾಡಿನ ಪುಸ್ತಕ ಎರಡೂ ಇವೆ. ಅನುಮಾನ ಬಂದ ಪೋಸ್ಟರನ್ನು ಅಲ್ಲಿರುವುದರ ಜೊತೆ ಹೋಲಿಸುವುದು ಒಳ್ಳೆಯ ಅಭ್ಯಾಸ.

ಇನ್ನು ನಾನು ಮಾಡಿದ ಪಾಪಗಳು. ಮೊದಲ ಇಪ್ಪತ್ಮೂರರಲ್ಲಿ ಎಂಟು ಹಾಳೆ ಮಡಿಕೆಯಲ್ಲಿ ಹರಿದಿದ್ದವು. ನಾನು ಶ್ರದ್ಧೆಯಿಂದ ಸೆಲ್ಲೋಟೇಪ್ ಹಚ್ಚಿದೆ, ಅದೂ ಬೆನ್ನಿಗೆ. ನಾಲ್ಕು ವರ್ಷದಲ್ಲಿ ಟೇಪು ಉದುರಿತು, ಅದರ ಅಂಟು ಕಾಗದದ ಒಳಗೆ ಇಳಿಯಿತು. ಈಗ ದಾರಾ ಸಿಂಗ್ ಎದೆಯ ಮೇಲೆ ಜನಿವಾರದ ಹಾಗೆ ಒಂದು ಕಂದು ಪಟ್ಟಿ. ಇನ್ನೂ ಮೂರು ಪೋಸ್ಟರುಗಳನ್ನು ಲ್ಯಾಮಿನೇಷನ್ ಮಾಡಿಸಿದೆ. ಬಿಸಿ ಪ್ಲಾಸ್ಟಿಕ್ ಒಮ್ಮೆ ಹಿಡಿದರೆ ಮುಗಿಯಿತು, ಬಿಡಿಸಲು ಹೋದರೆ ಬಣ್ಣವೇ ಕಿತ್ತು ಬರುತ್ತದೆ. ಆ ಮೂರೂ ಇವತ್ತಿಗೂ ಹೊಳೆಯುತ್ತಾ ಕೂತಿವೆ. ನೋಡಿದಾಗಲೆಲ್ಲ ಹೊಟ್ಟೆ ಉರಿಯುತ್ತದೆ.

ಸರಿಯಾದ ದಾರಿ ತೋರಿಸಿದವರು ಮುಂಬೈಯಲ್ಲಿ ಹಳೇ ಕಾಗದ ರಿಪೇರಿ ಮಾಡುವ ಒಬ್ಬ ಅಮ್ಮ. ಅವರ ಮೇಜಿನ ಪಕ್ಕ ನಿಂತು ಒಂದಿಡೀ ಶನಿವಾರ ನೋಡಿದ್ದೇನೆ. ಮೊದಲು ಮೂಲೆಯಲ್ಲಿ ಒದ್ದೆ ಹತ್ತಿ ಒತ್ತಿ ಬಣ್ಣ ಬಿಡುತ್ತದೆಯೇ ಎಂದು ನೋಡಿದರು. ಬಿಡಲಿಲ್ಲ. ಆಮೇಲೆ ಹಾಳೆಯನ್ನು ಅಗಲವಾದ ತಟ್ಟೆಯ ನೀರಿಗೆ ಇಳಿಬಿಟ್ಟರು. ನನ್ನ ಜೀವ ಬಾಯಿಗೆ ಬಂತು. ಸ್ವಲ್ಪ ಹೊತ್ತಿಗೆ ನೀರು ಚಹಾ ಬಣ್ಣಕ್ಕೆ ತಿರುಗಿತು. ಅಗ್ಗದ ಮರದ ತಿರುಳಿನಿಂದ ಮಾಡಿದ ಕಾಗದದಲ್ಲಿ ಆಮ್ಲ ತಾನಾಗಿಯೇ ಹುಟ್ಟುತ್ತದೆ, ಕಾಗದವನ್ನು ಹಳದಿ ಮಾಡಿ ಪುಡಿ ಮಾಡುವುದು ಅದೇ, ಅದು ಈಗ ತೊಳೆದುಹೋಗುತ್ತಿದೆ ಎಂದರು. ಮೂರು ಸಲ ನೀರು ಬದಲಾಯಿಸಿದರು. ಹರಿದ ಕಡೆ ಜಪಾನಿನ ತೆಳು ನಾರಿನ ಕಾಗದ, ಗೋಧಿಯ ಗಂಜಿಯ ಅಂಟು. ನಮ್ಮ ಗೋಡೆಯ ಮೈದಾ ಅಂಟೂ ಗೋಧಿಯದೇ ಅಲ್ವಾ ಎಂದು ಕೇಳಿದೆ. ನಕ್ಕರು. ಇದರಲ್ಲಿ ಬರೀ ಗಂಜಿ, ಮೈಲುತುತ್ತ ಇಲ್ಲ, ನಾಳೆ ಬೇಡವೆಂದರೆ ನೀರು ಹಾಕಿ ಬಿಡಿಸಬಹುದು ಎಂದರು. ಬಿಡಿಸಲು ಬಾರದ ಯಾವ ರಿಪೇರಿಯನ್ನೂ ಮಾಡಬಾರದು ಎಂಬುದು ಅವರ ಕಟ್ಟುನಿಟ್ಟು. ಬೆನ್ನಿನ ಸ್ಟಾಂಪು ಮುಚ್ಚಿಹೋಗದ ಹಾಗೆ ಹಿಂದೆ ತೆಳು ಕಾಗದವನ್ನೇ ಹಾಕಿಕೊಟ್ಟರು. ಒಂದು ಪೋಸ್ಟರಿಗೆ ಆಗ ಮೂರು ಸಾವಿರ. ಪೋಸ್ಟರಿಗೆ ಕೊಟ್ಟಿದ್ದು ಎಂಟು ರೂಪಾಯಿ ಚಿಲ್ಲರೆ. ಹೆಂಡತಿಗೆ ಆ ಮೂರು ಸಾವಿರದ ಲೆಕ್ಕ ಇನ್ನೂ ಹೇಳಿಲ್ಲ, ಇದನ್ನು ಓದಿದರೆ ಗೊತ್ತಾಗುತ್ತದೆ.

ನೀರಿಗೆ ಹಾಕುವ ಕೆಲಸ ನೀವು ಮನೆಯಲ್ಲಿ ಮಾಡಬೇಡಿ. ಮನೆಯಲ್ಲಿ ಮಾಡಬಹುದಾದ್ದು ಇಡುವ ವ್ಯವಸ್ಥೆ. ನಾನು ತಗಡಿನ ಕೆಲಸದವರಿಂದ ನಾಲ್ಕು ಚಪ್ಪಟೆ ಪೆಟ್ಟಿಗೆ ಮಾಡಿಸಿ ಬಣ್ಣ ಹೊಡೆಸಿದ್ದೇನೆ. ಒನ್ ಶೀಟ್ ಬಿಚ್ಚಿದ ಅಳತೆಗಿಂತ ನಾಲ್ಕು ಬೆರಳು ದೊಡ್ಡವು. ಮಂಚದ ಕೆಳಗೆ ಸರಿಯಾಗಿ ಹೋಗುತ್ತವೆ. ಒಂದೊಂದು ಪೋಸ್ಟರನ್ನು ಪಾರದರ್ಶಕ ಪಾಲಿಯೆಸ್ಟರ್ ಹಾಳೆಯ ಚೀಲದಲ್ಲಿ ಹಾಕಿ, ನಡುವೆ ಆಮ್ಲವಿಲ್ಲದ ಕಾಗದ ಇಟ್ಟು ಮಲಗಿಸುತ್ತೇನೆ. ಸಾಮಾನ್ಯ ಪಿವಿಸಿ ಪ್ಲಾಸ್ಟಿಕ್ ಬೇಡ, ಸೆಖೆಗೆ ಅಂಟಿಕೊಳ್ಳುತ್ತದೆ. ಮೂಲೆಯಲ್ಲಿ ಸಿಲಿಕಾ ಜೆಲ್ ಪುಡಿಕೆ. ಜೊತೆಗೆ ಬಟ್ಟೆಯಲ್ಲಿ ಕಟ್ಟಿದ ಬಜೆ ಬೇರು, ಇದು ಅವ್ವನ ಸಲಹೆ. ಹಳೇ ಪೋಥಿಗಳ ಗಂಟಿನಲ್ಲಿ ಅಜ್ಜ ಬಜೆ ಇಡುತ್ತಿದ್ದರಂತೆ. ಹುಳ ಬಂದಿಲ್ಲ. ಬಜೆಯಿಂದಲೋ ತಗಡಿನಿಂದಲೋ, ಇಬ್ಬರಿಗೂ ಸಮಾಧಾನ. ಮಳೆಗಾಲ ಮುಗಿದ ಮೇಲೆ ದಸರಾ ರಜೆಯಲ್ಲಿ ಎಲ್ಲವನ್ನೂ ತೆಗೆದು ನೆರಳಿನಲ್ಲಿ ಗಾಳಿ ಆಡಿಸುತ್ತೇನೆ. ಆವತ್ತು ಮನೆಗೆ ನೆಂಟರು ಬಂದರೆ ಕೂರಲು ಜಾಗ ಇರುವುದಿಲ್ಲ.

ಗೋಡೆಗೆ ಹಾಕುವುದು ಒಂದು ಸಲಕ್ಕೆ ಎರಡೇ. ಕಿಟಕಿಯ ಎದುರು ಯಾವತ್ತೂ ಇಲ್ಲ. ಬಿಸಿಲಿಗೆ ಮೊದಲು ಹೋಗುವುದು ಕೆಂಪು ಮತ್ತು ಹಳದಿ, ಉಳಿಯುವುದು ನೀಲಿ. ಹಳೇ ಸಲೂನುಗಳ ಗೋಡೆಯ ಮೇಲೆ ಹೀರೋಗಳೆಲ್ಲ ಕೃಷ್ಣವರ್ಣಕ್ಕೆ ತಿರುಗಿರುವುದು ನೋಡಿರುತ್ತೀರಿ. ಗಾಜು ಪೋಸ್ಟರಿಗೆ ತಾಗಬಾರದು, ನಡುವೆ ರಟ್ಟಿನ ಅಂಚು ಇರಲೇಬೇಕು.

ದುಡ್ಡಿನ ವಿಷಯಕ್ಕೆ ಬಂದರೆ, ದೊಡ್ಡ ಹೆಸರಿನ ಸಿನಿಮಾಗಳ ಹಿಂದೆ ನಾನು ಹೋಗುವುದನ್ನು ಬಿಟ್ಟು ತುಂಬ ದಿನವಾಯಿತು. ರಾಜ್ ಕಪೂರ್, ಗುರುದತ್ ಎಂದರೆ ಹರಾಜಿಗೆ ಬರುವ ಉದ್ಯಮಿಗಳ ಜೊತೆ ಗುದ್ದಾಡಬೇಕು. ಬ್ಯಾಂಕ್ ನೌಕರನಿಗೆ ಅದು ಆಗದ ಮಾತು. ನನ್ನದು ಕುಸ್ತಿ, ಕತ್ತಿವರಸೆ, ಜಾದೂ, ಭೂತದ ಸಿನಿಮಾಗಳು. ಹುಬ್ಬಳ್ಳಿ ಧಾರವಾಡದ ಕಡೆ ಗರಡಿಮನೆ ಇಲ್ಲದ ಓಣಿ ಇರಲಿಲ್ಲ. ದಾರಾ ಸಿಂಗ್ ಸಿನಿಮಾ ಎಂದರೆ ಪೈಲ್ವಾನರು ಸಾಲಾಗಿ ಬಂದು ಕೂರುತ್ತಿದ್ದರು ಎಂದು ಅಪ್ಪ ಹೇಳುತ್ತಿದ್ದರು. ಈ ಸಿನಿಮಾಗಳಿಗೆ ಬಜೆಟ್ ಇರಲಿಲ್ಲ, ಸೆಟ್ ಇರಲಿಲ್ಲ. ಇದ್ದಿದ್ದೆಲ್ಲ ಪೋಸ್ಟರಿನಲ್ಲೇ. ಸಿನಿಮಾ ಕಪ್ಪು ಬಿಳುಪು, ಪೋಸ್ಟರಿನಲ್ಲಿ ಏಳು ಬಣ್ಣ. ಪೇಂಟರಿಗೆ ಹೀಗೇ ಬರೆಯಬೇಕು ಎಂದು ಹೇಳುವ ದೊಡ್ಡ ನಿರ್ಮಾಪಕ ಇರಲಿಲ್ಲ, ಹಾಗಾಗಿ ಮನಸ್ಸಿಗೆ ಬಂದ ಹಾಗೆ ಬರೆದಿದ್ದಾನೆ. ನನ್ನ ಪಾಲಿಗೆ ಒಳ್ಳೆಯ ಚಿತ್ರಕಲೆ ಇರುವುದು ಇಲ್ಲೇ. ಇದನ್ನು ಒಪ್ಪದ ಗೆಳೆಯರಿದ್ದಾರೆ. ಅವರು ಒಪ್ಪದಿದ್ದರೆ ನನಗೆ ಲಾಭ, ರೇಟು ಏರುವುದಿಲ್ಲ.

ಒಂದು ಕೊರತೆ ಮಾತ್ರ ಉಳಿದಿದೆ. ದೊಡ್ಡ ಗೋಡೆಗೆ ಹಚ್ಚುವ ಸಿಕ್ಸ್ ಶೀಟ್ ಪೋಸ್ಟರುಗಳು ಒಂದೇ ಹಾಳೆಯಲ್ಲಿ ಬರುವುದಿಲ್ಲ, ತುಂಡು ತುಂಡಾಗಿ ಅಚ್ಚಾಗಿರುತ್ತವೆ, ಹಚ್ಚುವವರು ಗೋಡೆಯ ಮೇಲೆ ಜೋಡಿಸಬೇಕು. 2008ರಲ್ಲಿ ಬೆಳಗಾವಿಯ ಒಂದು ಹಳೇ ಮನೆ ಕೆಡವಿದಾಗ ಅಂಥದ್ದೊಂದು ಸಿಕ್ಕಿತು, ಒಂದು ತುಂಡು ಬಿಟ್ಟು. ಕಾಲಿದೆ, ಕತ್ತಿಯಿದೆ, ಬಿದ್ದ ರಾಕ್ಷಸನಿದ್ದಾನೆ. ಪೈಲ್ವಾನನ ತಲೆ ಇಲ್ಲ. ಬೆನ್ನಿಗೆ ಎಲ್ಲ ತುಂಡುಗಳ ಮೇಲೂ ಒಂದೇ ಕೈಬರಹದ ನೀಲಿ ಪೆನ್ಸಿಲ್ ಅಂಕಿ. ಒಂದು ಅಂಕಿ ಮಾತ್ರ ಇಲ್ಲ. ಆ ಅಂಕಿ ಎರಡು.

ಹೋದ ವಾರ ಕೊಲ್ಹಾಪುರದಿಂದ ಒಬ್ಬರು ವಾಟ್ಸಾಪಿನಲ್ಲಿ ಒಂದು ಫೋಟೋ ಕಳಿಸಿದರು. ತಲೆ. ಒಂದು ಕಡೆ ಕಿತ್ತಳೆ, ಇನ್ನೊಂದು ಕಡೆ ಹಸಿರು. ಕುತ್ತಿಗೆಯ ಗೆರೆ ನನ್ನ ಹತ್ತಿರ ಇರುವ ಭುಜಕ್ಕೆ ಕೂರುವ ಹಾಗೇ ಇದೆ. ಎಂಟು ಸಾವಿರ ಹೇಳಿದ್ದಾರೆ. ಬೆನ್ನಿನ ಫೋಟೋ ಕಳಿಸಿ ಎಂದು ಬರೆದೆ. ಎರಡು ನೀಲಿ ಟಿಕ್ ಬಂದು ನಾಲ್ಕು ದಿನವಾಯಿತು, ಫೋಟೋ ಇನ್ನೂ ಬಂದಿಲ್ಲ.